ಸಲಿಂಗ ವಿವಾಹ: ವಿಜಯಪುರ ಸೀಮೆಯ ಧಾರ್ಮಿಕ ಹಿನ್ನೆಲೆ

ಒಂದೇ ಲಿಂಗದ ಇಬ್ಬರು ದಂಪತಿಯಾಗಿ ಬಾಳಲು ಮಾಡಿಕೊಳ್ಳುವ ಮದುವೆಯೇ ಸಲಿಂಗ ವಿವಾಹ. ಭಾರತದಲ್ಲಿ ಇದಕ್ಕೆ ಕಾನೂನಿನ ಮಾನ್ಯತೆ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿರುವ ವಿಜಯಪುರ ಸೀಮೆಯಲ್ಲಿ ಮದುವೆಯ ಕಲ್ಪನೆಯನ್ನು ರೂಪಿಸಿದವುಗಳಲ್ಲಿ ಶರಣ ಪರಂಪರೆ, ಎಲ್ಲಮ್ಮನ ಆರಾಧನೆ ಮತ್ತು ಇಸ್ಲಾಂ ಮುಖ್ಯವಾದವು.

ಶರಣ ಪರಂಪರೆ
12ನೇ ಶತಮಾನದ ಶರಣರ ನಾಯಕ ಬಸವಣ್ಣನ ಹುಟ್ಟೂರು ಬಾಗೇವಾಡಿ. ಶರಣನಾಗಿದ್ದ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ನಡೆದ ಮದುವೆಗಾಗಿ ಅಲ್ಲಿನ ದೊರೆ ಬಿಜ್ಜಳ ಆ ಇಬ್ಬರು ತಂದೆಯರನ್ನು ಕೊಲ್ಲಿಸಿದನೆಂದು ಪರಂಪರೆ ಹೇಳುತ್ತದೆ. ಮದುವೆಗೆ ಜಾತಿ ಹಾಕಿದ್ದ ಗೆರೆಯನ್ನು ಶರಣರು ದಾಟಿದರು. ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದೂ ಅವರು ನಂಬಿದರು. 'ಶರಣಸತಿ ಲಿಂಗಪತಿ' ಭಾವದಲ್ಲಿ ಗಂಡಸೂ ತನ್ನನ್ನು ಶಿವನ ಹೆಂಡತಿಯೆಂದು ಕಾಣುತ್ತಾನೆ. ಶರಣ ಉರಿಲಿಂಗದೇವನ ವಚನಗಳಲ್ಲಿ ಇದೇ ಪ್ರಧಾನ. ಆದರೆ ಇದು ಭಕ್ತಿಯ ಮಾತು. ಸಂಸಾರದಲ್ಲಿ ಅವರ ಆದರ್ಶ ಗಂಡು ಹೆಣ್ಣಿನ ದಾಂಪತ್ಯವೇ.

ಜೋಗಪ್ಪಂದಿರು
ಹುಡುಗನಲ್ಲಿ ಹೆಣ್ಣಿನ ನಡೆನುಡಿ ಕಂಡರೆ ಅದನ್ನು ಸವದತ್ತಿ ಎಲ್ಲಮ್ಮನ ಕಾಟವೆಂದು ತಿಳಿಯುವುದು ಉತ್ತರ ಕರ್ನಾಟಕದ ಹಳೆಯ ನಂಬಿಕೆ. ಹೀಗೆ ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪಂದಿರು ಸೀರೆಯುಟ್ಟು, ಕೊಡ ಹೊತ್ತು, ಚೌಡಿಕೆಯ ಪದ ಹಾಡುತ್ತಾ ಜೋಗಕ್ಕೆ ಹೋಗುತ್ತಾರೆ. ಊರವರು ಕಾಲಿಗೆರಗುತ್ತಾರೆ. ದೇವಿಗೆ ಮೀಸಲಾದವರೆಂಬ ಕಾರಣಕ್ಕೇ ಅವರಿಗೆ ಮನುಷ್ಯರೊಡನೆ ಸಂಸಾರವನ್ನು ಸಂಪ್ರದಾಯ ಒಪ್ಪುವುದಿಲ್ಲ. ಈ ಪರಂಪರೆಯ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆದರು.

ಕಾನೂನು ಮತ್ತು ನಿಲುವು
1860ರ ದಂಡಸಂಹಿತೆಯ 377ನೇ ಕಲಂ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿತ್ತು. ವಯಸ್ಕರು ಒಪ್ಪಿ ನಡೆಸುವ ಸಂಬಂಧವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಅಪರಾಧದಿಂದ ಹೊರಗಿಟ್ಟಿತು. ಮುಂದೆ ಮದುವೆಯ ಹಕ್ಕು ಕೇಳಿ ಅದೇ ಕೋರ್ಟಿಗೆ ಬಂದ ಅರ್ಜಿಗಳನ್ನು ಮುಸ್ಲಿಂ ಧರ್ಮಗುರುಗಳ ಸಂಘಟನೆಯಾದ ಜಮೀಯತ್ ಉಲಮಾ-ಎ-ಹಿಂದ್ ವಿರೋಧಿಸಿತು. ನಿಕಾಹ್ ಗಂಡು ಹೆಣ್ಣಿನ ನಡುವಿನದೆಂಬುದು ಅದರ ನಿಲುವು. ಅಸ್ಸಾಂ, ಆಂಧ್ರಪ್ರದೇಶ, ರಾಜಸ್ಥಾನ ಸರ್ಕಾರಗಳೂ ವಿರೋಧಿಸಿದವು. 2023ರಲ್ಲಿ ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ ಶೇ 53 ಭಾರತೀಯರು ಇಂಥ ಮದುವೆಯ ಪರ, ಶೇ 43 ಮಂದಿ ವಿರುದ್ಧ ಇದ್ದರು. ಮದುವೆಯಾಗುವುದು ಸಂವಿಧಾನದತ್ತ ಮೂಲಭೂತ ಹಕ್ಕಲ್ಲವೆಂದು ಐವರು ನ್ಯಾಯಮೂರ್ತಿಗಳ ಪೀಠ ಅದೇ ವರ್ಷದ ಅಕ್ಟೋಬರ್ 17ರಂದು ತೀರ್ಪಿತ್ತಿತು. ಕಾನೂನು ರಚನೆಯನ್ನು ಸಂಸತ್ತಿಗೆ ಬಿಟ್ಟಿತು.

ಆದರೆ ಲಿಂಗತ್ವ ಅಲ್ಪಸಂಖ್ಯಾತರು ಗಂಡು ಹೆಣ್ಣಿನ ಸಂಬಂಧದಲ್ಲಿದ್ದರೆ ಈಗಿನ ಕಾನೂನಿನಡಿಯೇ ಮದುವೆಯಾಗಬಹುದೆಂದು ಅದೇ ತೀರ್ಪು ಹೇಳಿತು. ಹೀಗಾಗಿ ಹೆಣ್ಣೆಂದು ಗುರುತಿಸಿಕೊಂಡ ಜೋಗಪ್ಪ ಗಂಡಸಿನ ಕೈಹಿಡಿಯಲು ಸಂಪ್ರದಾಯ ಅಡ್ಡವಾದರೂ ಕಾನೂನು ಅಡ್ಡವಿಲ್ಲ. ಇಬ್ಬರು ಹೆಂಗಸರಿಗೆ, ಇಬ್ಬರು ಗಂಡಸರಿಗೆ ಆ ಬಾಗಿಲು ಇನ್ನೂ ಮುಚ್ಚಿದೆ.