ಜೆಫರ್ಸನ್ ಕಂಡ ಮೈಸೂರು ರಾಯಭಾರಿಗಳು: ಪತ್ರ ಸಂಶೋಧನೆಯ ಎರಡು ಶತಮಾನ

1788ರ ಆಗಸ್ಟ್ 10ರಂದು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ ವರ್ಸೇಲ್ಸ್ ಅರಮನೆಯಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳನ್ನು ಬರಮಾಡಿಕೊಂಡ. ನೆರೆದವರಲ್ಲಿ ಅಮೆರಿಕದ ಪ್ರತಿನಿಧಿ ಥಾಮಸ್ ಜೆಫರ್ಸನ್ ಕೂಡ ಇದ್ದರು. ಅವರು ಅಧ್ಯಕ್ಷರಾಗಲು ಇನ್ನೂ ಹದಿಮೂರು ವರ್ಷಗಳಿದ್ದವು. ತಮ್ಮ ದೇಶದ ವಿದೇಶಾಂಗ ಕಾರ್ಯದರ್ಶಿ ಜಾನ್ ಜೇ ಅವರಿಗೆ ಬರೆದ ಪತ್ರದಲ್ಲಿ ಅವರು ಆ ದಿನದ ಆಡಂಬರವನ್ನು ಕುರಿತು ಹೇಳುತ್ತಾರೆ. ಜನಸಂದಣಿಯಿಂದಾಗಿ ಮಾತು ಸರಿಯಾಗಿ ಕೇಳಿಸಲಿಲ್ಲ, ಕೇಳಿಸಿದಷ್ಟರಲ್ಲಿ ಪರಸ್ಪರ ಸದ್ಭಾವನೆಯ ಮಾತಿಗಿಂತ ಹೆಚ್ಚೇನೂ ನಡೆಯಲಿಲ್ಲ ಎಂದು ವರದಿ ಮಾಡುತ್ತಾರೆ. ಕೇಳಿಸದ್ದನ್ನು ಊಹಿಸಿ ತುಂಬುವ ಗೋಜಿಗೆ ಹೋಗದ ಈ ಕೆಲವು ಸಾಲುಗಳು ಮೈಸೂರಿನ ಚರಿತ್ರೆಗೆ ಬಹಳ ಬೆಲೆಯುಳ್ಳ ಸಾಕ್ಷ್ಯ ಎಂದೇ ನಾನು ಭಾವಿಸುತ್ತೇನೆ.

ರಾಯಭಾರಿಗಳಾದ ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ 1787ರಲ್ಲಿ ಪಾಂಡಿಚೇರಿಯಿಂದ ಹಡಗು ಹತ್ತಿದ್ದರು. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು, ಜೊತೆಗೆ ಕುಶಲಕರ್ಮಿಗಳು, ತೋಟಗಾರರು, ಗಿಡಗಳ ಬೀಜ, ಇವು ಅವರ ಬೇಡಿಕೆ. ಆದರೆ ಅವರು ಹೋದ ಹೊತ್ತೇ ಸರಿಯಿರಲಿಲ್ಲ. ಭೇಟಿಗೆ ಎರಡು ದಿನ ಮೊದಲು ಲೂಯಿ ಜನಪ್ರತಿನಿಧಿಗಳ ಮಹಾಸಭೆಗೆ ದಿನ ಗೊತ್ತುಮಾಡಿದ್ದ. ಭೇಟಿಯಾದ ವಾರದೊಳಗೆ ಖಜಾನೆ ತನ್ನ ಪಾವತಿಗಳನ್ನು ನಿಲ್ಲಿಸಿತು. ದಿವಾಳಿ ದೊರೆಯ ಬಳಿ ಸೈನ್ಯ ಕೇಳಿದ್ದರ ಫಲ ಏನಾಗಬಹುದಿತ್ತೋ ಅದೇ ಆಯಿತು. ಚಿತ್ರಗಾರ್ತಿ ವಿಜೀ ಲೆಬ್ರುನ್ ಬರೆದ ದರ್ವೇಶ್ ಖಾನರ ಭಾವಚಿತ್ರ ಮಾತ್ರ ಇಂದಿಗೂ ಉಳಿದಿದೆ.

ಅಮೆರಿಕನ್ನರಿಗೆ ಮೈಸೂರು ಅಪರಿಚಿತವಾಗಿರಲಿಲ್ಲ. ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಹಡಗೊಂದನ್ನು ಸೆರೆಹಿಡಿಯಿತು. ಇನ್ನೊಂದು ನಂಟು ನಮ್ಮ ಬೆಂಗಳೂರಿನ ಪೂರ್ವ ಭಾಗದ್ದು. 1781ರಲ್ಲಿ ವರ್ಜೀನಿಯಾದ ಗವರ್ನರ್ ಆಗಿದ್ದ ಜೆಫರ್ಸನ್ ತಮ್ಮ ಮನೆ ಬಿಟ್ಟು ಓಡಬೇಕಾಗಿ ಬಂದದ್ದು ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಪಡೆಯಿಂದ. ಅದೇ ಕಾರ್ನ್‌ವಾಲಿಸ್ 1791ರ ಮಾರ್ಚ್‌ನಲ್ಲಿ ಕೋಲಾರ, ಹೊಸಕೋಟೆಗಳನ್ನು ದಾಟಿ ಬೆಂಗಳೂರಿಗೆ ಬಂದ. ಮಾರ್ಚ್ 21ರಂದು ಕೋಟೆ ಬಿತ್ತು. ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣದ ಹತ್ತಿರ ಹಾದುಹೋಗುವ ಹಳೆ ಮದರಾಸು ರಸ್ತೆ ನಮ್ಮನ್ನು ಕರೆದೊಯ್ಯುವುದೂ ಆ ಹೊಸಕೋಟೆಯ ಕಡೆಗೇ.

ಟಿಪ್ಪು ಕಾಲದ ಪತ್ರಗಳ ಅಧ್ಯಯನ ಶುರುವಾದದ್ದು ಗೆದ್ದವರ ಕೈಯಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯ ಗ್ರಂಥಗಳೂ ಕಾಗದಪತ್ರಗಳೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. 1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಗ್ರಂಥಭಂಡಾರದ ಪಟ್ಟಿ ಪ್ರಕಟಿಸಿದ. 1811ರಲ್ಲಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಟಿಪ್ಪುವಿನ ಪಾರ್ಸಿ ಪತ್ರಗಳಲ್ಲಿ ಕೆಲವನ್ನು ಇಂಗ್ಲಿಷಿಗೆ ತಂದ. ಈತ ಗವರ್ನರ್ ಜನರಲ್ ವೆಲ್ಲೆಸ್ಲಿಯ ಸೇನಾ ಕಾರ್ಯದರ್ಶಿಯಾಗಿದ್ದವನು. ಟಿಪ್ಪುವನ್ನು ಕ್ರೂರಿಯೆಂದು ತೋರಿಸುವ ಪತ್ರಗಳತ್ತಲೇ ಅವನ ಕಣ್ಣು. ಆ ಸಂಕಲನವನ್ನು ಬಿಡುವಂತಿಲ್ಲ, ಹಾಗೆಂದು ಅದೊಂದನ್ನೇ ನಂಬಿ ಬರೆದ ಚರಿತ್ರೆಯನ್ನು ಒಪ್ಪುವಂತೆಯೂ ಇಲ್ಲ.

ಮುಂದೆ ಬಹುಕಾಲ ದೊಡ್ಡ ಬದಲಾವಣೆಯಾಗಲಿಲ್ಲ. 1951ರಲ್ಲಿ ಮೊಹಿಬ್ಬುಲ್ ಹಸನ್ ಬರೆದ ಟಿಪ್ಪು ಚರಿತ್ರೆಯಿಂದ ದಾರಿ ತಿರುಗಿತು. ಪಾರ್ಸಿ ಮತ್ತು ಫ್ರೆಂಚ್ ಆಕರಗಳಿಗೂ ಇಂಗ್ಲಿಷ್ ಆಕರಗಳಷ್ಟೇ ಮನ್ನಣೆ ಸಿಕ್ಕಿತು. 1990ರ ದಶಕದಲ್ಲಿ ನಮ್ಮ ಕರ್ನಾಟಕ ರಾಜ್ಯ ಪತ್ರಾಗಾರವೇ ಹೈದರ್-ಟಿಪ್ಪು ಕಾಲದ ಫ್ರೆಂಚ್ ಪತ್ರವ್ಯವಹಾರವನ್ನು ಸುಮನ್ ವೆಂಕಟೇಶ್ ಅವರ ಅನುವಾದದಲ್ಲಿ ಹೊರತಂದಿತು. ಸದ್ದುಗದ್ದಲವಿಲ್ಲದೆ ನಡೆದ ಈ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲವೆಂಬ ನೋವು ನನಗಿದೆ. ಇರ್ಫಾನ್ ಹಬೀಬ್ ಸಂಪಾದಿಸಿದ ಎರಡು ಸಂಪುಟಗಳು 1999 ಮತ್ತು 2001ರಲ್ಲಿ ಬಂದವು. ಎರಡನೆಯದು ಟಿಪ್ಪುವಿನ ಆಡಳಿತ ಮತ್ತು ರಾಜತಂತ್ರದ ಮೇಲೆಯೇ ನಿಂತಿತು.

ಅತ್ತ ಅಮೆರಿಕದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 1950ರಿಂದ ಜೆಫರ್ಸನ್ ಪತ್ರಗಳನ್ನು ಸಂಪುಟಗಳಾಗಿ ಪ್ರಕಟಿಸುತ್ತ ಬಂದಿದೆ. ಅವರು ಬರೆದದ್ದಷ್ಟೇ ಅಲ್ಲ, ಅವರಿಗೆ ಬಂದ ಪತ್ರಗಳೂ ಟಿಪ್ಪಣಿಗಳ ಸಮೇತ ಅಲ್ಲಿವೆ. 2013ರಲ್ಲಿ ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಇವನ್ನೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿತು. ಬೈಯಪ್ಪನಹಳ್ಳಿಯಲ್ಲಿ ನೇರಳೆ ಮಾರ್ಗದ ರೈಲು ಹತ್ತಿದ ವಿದ್ಯಾರ್ಥಿ ಎಂ.ಜಿ. ರಸ್ತೆ ತಲುಪುವಷ್ಟರಲ್ಲಿ ಜೆಫರ್ಸನ್ ಬರೆದ ಆ ಸಾಲುಗಳನ್ನು ಮೊಬೈಲಿನಲ್ಲೇ ಓದಿ ಮುಗಿಸಬಹುದು.

ಮೈಸೂರಿನ ಕಡೆಯ ಪತ್ರಗಳು ಆ ವಿದ್ಯಾರ್ಥಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅವು ಲಂಡನ್, ಪ್ಯಾರಿಸ್, ಕೋಲ್ಕತ್ತಗಳಲ್ಲಿ ಹಂಚಿಹೋಗಿವೆ. ಓದಲು ಪಾರ್ಸಿ, ಫ್ರೆಂಚ್ ಬಲ್ಲವರು ಬೇಕು. ಟಿಪ್ಪುವಿನ ಬಗ್ಗೆ ವರ್ಷವರ್ಷವೂ ಜಗಳವಾಡುವ ನಾವು ಅವನ ಪತ್ರಗಳನ್ನು ಓದಲು ಅಷ್ಟೇ ಶ್ರಮ ಪಡಬೇಕು. ರಾಯಭಾರಿಗಳಿಗೆ ಅವನು ಕೊಟ್ಟ ಆದೇಶ, ಫ್ರೆಂಚ್ ಮಂತ್ರಿಗಳ ಉತ್ತರ, ಜೆಫರ್ಸನ್ ವರದಿ, ಈ ಮೂರನ್ನೂ ಒಟ್ಟಿಗೆ, ಟಿಪ್ಪಣಿ ಸಹಿತ, ಕನ್ನಡದಲ್ಲಿ ಓದುಗರ ಕೈಗಿಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳೂ ರಾಜ್ಯ ಪತ್ರಾಗಾರವೂ ಈಗಲೇ ಕೈಗೆತ್ತಿಕೊಳ್ಳಬೇಕು.