ಪಡಿತರ ಅರ್ಹತೆಯ ಇತಿಹಾಸ

ಪಡಿತರ ಅರ್ಹತೆ ನಿರ್ಣಯವೆಂದರೆ ಸರ್ಕಾರ ಅಗ್ಗದ ಬೆಲೆಗೆ ಅಥವಾ ಉಚಿತವಾಗಿ ಕೊಡುವ ಆಹಾರಧಾನ್ಯಕ್ಕೆ ಯಾವ ಕುಟುಂಬ ಹಕ್ಕುದಾರ ಎಂದು ಲೆಕ್ಕಹಾಕಿ ನಿರ್ಧರಿಸುವ ಕ್ರಮ. ಭಾರತದಲ್ಲಿ ಇದಕ್ಕೆ ಸುಮಾರು ಎಂಟು ದಶಕಗಳ ಚರಿತ್ರೆಯಿದೆ. ಮೊದಲ ಅರ್ಧ ಶತಮಾನದಲ್ಲಿ ಬಹುಮಟ್ಟಿಗೆ ಊರಲ್ಲೊಂದು ವಿಳಾಸವಿದ್ದರೆ ಸಾಕಿತ್ತು. 1997ರಿಂದ ಈಚೆಗೆ ಬಡತನವನ್ನು ರುಜುವಾತುಪಡಿಸಬೇಕಾಯಿತು.

ಪಡಿತರ ಪದ್ಧತಿ ನೆಲೆಯೂರಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1943ರ ಬಂಗಾಳದ ಕ್ಷಾಮ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ವರ್ಷದಲ್ಲೇ ಆಹಾರಧಾನ್ಯ ನೀತಿ ಸಮಿತಿ ದೊಡ್ಡ ನಗರಗಳಲ್ಲಿ ಪಡಿತರ ಜಾರಿಗೆ ಶಿಫಾರಸು ಮಾಡಿತು. ಆಗ ಚೀಟಿಯಲ್ಲಿ ಬರೆಯುತ್ತಿದ್ದುದು ಮನೆಯಲ್ಲಿ ಎಷ್ಟು ತಲೆ ಎಂಬುದನ್ನು, ಎಷ್ಟು ಆದಾಯ ಎಂಬುದನ್ನಲ್ಲ. ಗಾಂಧೀಜಿಯವರ ಒತ್ತಾಸೆಯಿಂದ 1947ರ ಡಿಸೆಂಬರಿನಲ್ಲಿ ಧಾನ್ಯದ ಮೇಲಿನ ನಿಯಂತ್ರಣ ತೆರವಾಯಿತಾದರೂ ಬೆಲೆ ಏರಿ ಮರುವರ್ಷವೇ ಅದು ಹಿಂತಿರುಗಿತು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾದ ಮೇಲೂ ಗುಮಾಸ್ತ, ಕೂಲಿಕಾರ, ಅಂಗಡಿಯ ಯಜಮಾನ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಈ ವ್ಯವಸ್ಥೆಯ ದೊಡ್ಡ ಕೊರತೆ ಬೇರೆಯದು: ಅದು ನಗರಗಳನ್ನು ಸಲಹಿದಷ್ಟು ಹಳ್ಳಿಗಳನ್ನು ಸಲಹಲಿಲ್ಲ. 1983ರಲ್ಲಿ ಆಂಧ್ರಪ್ರದೇಶದಲ್ಲಿ ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಕಿಲೋಗೆ 2 ರೂಪಾಯಿಯ ಅಕ್ಕಿ ಕೊಡತೊಡಗಿದರು. ಕರ್ನಾಟಕದಲ್ಲಿ ಅದೇ ದಶಕದಲ್ಲಿ ಗ್ರಾಮೀಣ ಬಡವರಿಗೆಂದು ಹಸಿರು ಕಾರ್ಡ್ ಬಂತು.

ಬಡವರು ಯಾರು ಎಂಬ ಲೆಕ್ಕ ಇಷ್ಟರಲ್ಲಿ ಬೇರೊಂದು ಕಡೆ ನಡೆದಿತ್ತು. ಯೋಜನಾ ಆಯೋಗದ ಕಾರ್ಯಪಡೆಯೊಂದು 1979ರಲ್ಲಿ ಹಳ್ಳಿಯವರಿಗೆ ದಿನಕ್ಕೆ 2400, ಪಟ್ಟಣದವರಿಗೆ 2100 ಕ್ಯಾಲರಿ ಎಂದು ಗೊತ್ತುಮಾಡಿ, ಅಷ್ಟು ಆಹಾರ ಸಿಗುವ ವೆಚ್ಚದ ಮಟ್ಟವನ್ನು ಬಡತನದ ರೇಖೆಯಾಗಿಸಿತು. ಈ ರೇಖೆ ನಿಂತಿರುವುದು ಮಾದರಿ ಸಮೀಕ್ಷೆಯ ಮೇಲೆ. ಒಂದು ರಾಜ್ಯದಲ್ಲಿ ನೂರಕ್ಕೆ ಎಷ್ಟು ಜನ ಬಡವರೆಂದು ಅದು ಹೇಳಬಲ್ಲದು. ಇಂಥ ಬೀದಿಯ ಇಂಥ ಮನೆ ಎಂದು ತೋರಿಸಲಾರದು. ಪಡಿತರ ಅರ್ಹತೆಯ ಮುಂದಿನ ಎಲ್ಲ ತೊಡಕುಗಳ ಬೇರು ಇಲ್ಲಿದೆ. ಸಂಖ್ಯೆ ದೆಹಲಿಯಲ್ಲಿ ನಿಗದಿಯಾಗುತ್ತಿತ್ತು, ಅದಕ್ಕೆ ಹೊಂದುವ ಮನೆಗಳನ್ನು ಹಳ್ಳಿಯಲ್ಲಿ ಹುಡುಕಬೇಕಿತ್ತು.

1992ರ ಜೂನ್‌ನಲ್ಲಿ ಹಿಂದುಳಿದ, ಗುಡ್ಡಗಾಡಿನ, ಬರಪೀಡಿತ 1775 ಬ್ಲಾಕುಗಳನ್ನು ಆರಿಸಿಕೊಂಡು ಹೆಚ್ಚಿನ ಧಾನ್ಯ ಕೊಡುವ ಯೋಜನೆ ಬಂತು. ಪ್ರದೇಶವನ್ನು ಗುರುತಿಸಿ, ಮನೆಯನ್ನು ಪ್ರಶ್ನಿಸದೆ ಬಿಡುವ ಈ ದಾರಿಗೆ ಬಾಳಿಕೆ ಸಿಗಲಿಲ್ಲ. 1997ರ ಜೂನ್‌ನಲ್ಲಿ ಉದ್ದೇಶಿತ ಸಾರ್ವಜನಿಕ ವಿತರಣಾ ಪದ್ಧತಿ ಜಾರಿಯಾಗಿ, ದೇಶದ ಕುಟುಂಬಗಳೆಲ್ಲ ಬಡತನದ ರೇಖೆಗಿಂತ ಮೇಲಿನ ಎಪಿಎಲ್, ಕೆಳಗಿನ ಬಿಪಿಎಲ್ ಎಂದು ಎರಡಾದವು. ಬಿಪಿಎಲ್ ಕುಟುಂಬಕ್ಕೆ ಮೊದಲು ತಿಂಗಳಿಗೆ 10 ಕಿಲೋ ಧಾನ್ಯ. 2000ದಲ್ಲಿ 20, 2002ರಲ್ಲಿ 35 ಕಿಲೋ ಆಯಿತು. ಎಪಿಎಲ್ ಕುಟುಂಬಗಳಿಗೆ ಕೊಡುವ ಧಾನ್ಯದ ಬೆಲೆಯನ್ನು ಸರ್ಕಾರದ ಪೂರ್ತಿ ವೆಚ್ಚದ ಮಟ್ಟಕ್ಕೆ ಏರಿಸಿದ್ದರಿಂದ ಅವರು ನ್ಯಾಯಬೆಲೆ ಅಂಗಡಿಯ ಕಡೆ ಬರುವುದೇ ಕಡಿಮೆಯಾಯಿತು.

ಮನೆ ಹುಡುಕುವ ಕೆಲಸಕ್ಕೆ ಗ್ರಾಮೀಣಾಭಿವೃದ್ಧಿ ಸಚಿವಾಲಯದ ಬಿಪಿಎಲ್ ಗಣತಿಗಳು ಬಳಕೆಯಾದವು. 1992ರ ಗಣತಿಯಲ್ಲಿ ಅಳತೆಗೋಲು ಕುಟುಂಬದ ವಾರ್ಷಿಕ ಆದಾಯ, 11,000 ರೂಪಾಯಿ. ಕೂಲಿ, ಗೇಣಿ, ಮನೆಯ ಹಿಂದಿನ ಎರಡು ಕುರಿ, ಇವುಗಳಿಂದ ಬರುವ ಆದಾಯವನ್ನು ವರ್ಷದ ಲೆಕ್ಕದಲ್ಲಿ ಹೇಳಬಲ್ಲ ರೈತನೇ ವಿರಳ. ಹಾಗಾಗಿ 1997ರ ಗಣತಿ ಕಣ್ಣಿಗೆ ಕಾಣುವ ಗುರುತುಗಳನ್ನು ಹಿಡಿಯಿತು: 2 ಹೆಕ್ಟೇರಿಗಿಂತ ಹೆಚ್ಚು ಜಮೀನು, ಪಕ್ಕಾ ಮನೆ, ಟಿವಿ, ಸ್ಕೂಟರ್, ಟ್ರ್ಯಾಕ್ಟರ್ ಇದ್ದವರು ಹೊರಗೆ. ಆ ಪಟ್ಟಿಯಲ್ಲಿ ಸೀಲಿಂಗ್ ಫ್ಯಾನ್ ಕೂಡ ಇತ್ತು. ರಾಯಚೂರು, ಕಲಬುರಗಿಯ ಬೇಸಿಗೆ ಕಂಡವರು ಯಾರೂ ಫ್ಯಾನನ್ನು ಸಿರಿವಂತಿಕೆಯ ಗುರುತೆಂದು ಒಪ್ಪಲಾರರು.

2002ರ ಗಣತಿ ಇನ್ನೂ ಸೂಕ್ಷ್ಮವಾಗಲು ಹೋಯಿತು. ಹದಿಮೂರು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ, ಒಟ್ಟು 52. ಅಂಕ ಕಡಿಮೆಯಾದಷ್ಟೂ ಕುಟುಂಬ ಬಡದ್ದು. ಒಂದು ಪ್ರಶ್ನೆ ಬಟ್ಟೆಯದು: ತಲಾ ಎರಡಕ್ಕಿಂತ ಕಡಿಮೆ ಉಡುಪು ಇದ್ದರೆ ಸೊನ್ನೆ, ಹತ್ತು ಅಥವಾ ಮೇಲ್ಪಟ್ಟಿದ್ದರೆ ನಾಲ್ಕು. ಮನೆಯವರು ದಿನಕ್ಕೆ ಎಷ್ಟು ಹೊತ್ತು ಉಣ್ಣುತ್ತಾರೆ, ಸಾಲ ಯಾರಿಂದ ತಂದಿದ್ದಾರೆ ಎಂಬುದಕ್ಕೂ ಅಂಕವಿತ್ತು. ಬಾಗಿಲಿಗೆ ಬಂದ ಗಣತಿದಾರನ ಮುಂದೆ ತಾಯಿಯೊಬ್ಬಳು ಮಕ್ಕಳ ಅಂಗಿ ಎಣಿಸಿ ಹೇಳಬೇಕಾದದ್ದು ಈ ದೇಶ ತನ್ನ ಬಡವರಿಗೆ ಮಾಡಿದ ಅವಮಾನ. ಇಷ್ಟು ಕೇಳಿಯೂ ಫಲ ಮೊದಲೇ ಕಟ್ಟುಬಿದ್ದಿತ್ತು: ರಾಜ್ಯದ ಬಿಪಿಎಲ್ ಕುಟುಂಬಗಳ ಸಂಖ್ಯೆ 1999–2000ದ ಯೋಜನಾ ಆಯೋಗದ ಅಂದಾಜನ್ನು ಶೇ. 10ಕ್ಕಿಂತ ಹೆಚ್ಚು ಮೀರುವಂತಿರಲಿಲ್ಲ.

ಈ ಎಣಿಕೆಯಿಂದ ಹೊರಬರುವ ದಾರಿಯನ್ನು ತೋರಿದ್ದು ಸುಪ್ರೀಂ ಕೋರ್ಟ್. ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿರುವಾಗ ಜನ ಹಸಿದಿದ್ದಾರೆಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ 2001ರಲ್ಲಿ ಹೂಡಿದ ದಾವೆಯಲ್ಲಿ, ನ್ಯಾಯಾಲಯ ಆಹಾರ ಯೋಜನೆಗಳನ್ನು ಹಕ್ಕುಗಳೆಂದು ಘೋಷಿಸಿತು. 2003ರ ಆದೇಶದಲ್ಲಿ ಆಸರೆಯಿಲ್ಲದ ವಿಧವೆಯರು, ವೃದ್ಧರು, ಅಂಗವಿಕಲರು ಮತ್ತು ಆದಿಮ ಬುಡಕಟ್ಟಿನ ಎಲ್ಲ ಕುಟುಂಬಗಳಿಗೆ, ಕಡುಬಡವರಿಗೆಂದು ಇರುವ ಅಂತ್ಯೋದಯ ಕಾರ್ಡ್ ಕೊಡಲು ಹೇಳಿತು. ಕರ್ನಾಟಕದ ಜೇನುಕುರುಬರು, ಕೊರಗರು ಇಂಥ ಆದಿಮ ಬುಡಕಟ್ಟಿನವರು. ಅವರಿಗೆ ಅಂಕವಿಲ್ಲ, ಆದಾಯ ಪತ್ರವಿಲ್ಲ, ಸಮುದಾಯವೇ ಪುರಾವೆ. ಅರ್ಹತೆ ನಿರ್ಣಯದ ಇಡೀ ಚರಿತ್ರೆಯಲ್ಲಿ ಇದು ಅತ್ಯಂತ ಸರಳವಾದ ಮತ್ತು ಮಾನವಂತ ಕ್ರಮ.

2011ರ ಸೆಪ್ಟೆಂಬರಿನಲ್ಲಿ ಯೋಜನಾ ಆಯೋಗ ಇದೇ ನ್ಯಾಯಾಲಯಕ್ಕೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ದಿನಕ್ಕೆ ನಗರದಲ್ಲಿ 32, ಹಳ್ಳಿಯಲ್ಲಿ 26 ರೂಪಾಯಿಯ ರೇಖೆ ಹೇಳಿದಾಗ ದೇಶದಾದ್ಯಂತ ಆಕ್ರೋಶ ಎದ್ದಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಡತನದ ರೇಖೆಯನ್ನು ಕೈಬಿಟ್ಟು, ಇಡೀ ದೇಶದ ಲೆಕ್ಕದಲ್ಲಿ ಗ್ರಾಮೀಣ ಜನಸಂಖ್ಯೆಯ ಶೇ. 75, ನಗರದ ಶೇ. 50ರವರೆಗೆ ಹಕ್ಕು ವಿಸ್ತರಿಸಿತು. ತಿಂಗಳಿಗೆ ತಲಾ 5 ಕಿಲೋ ಧಾನ್ಯ. ಅಂತ್ಯೋದಯ ಕುಟುಂಬಕ್ಕೆ 35 ಕಿಲೋ. ಮನೆಯ ಹಿರಿಯ ಮಹಿಳೆಯೇ ಕಾರ್ಡಿನ ಯಜಮಾನಿ. ಆದರೆ ಯಾವ ಮನೆ ಎಂಬುದನ್ನು ತೀರ್ಮಾನಿಸುವ ಹೊಣೆ ರಾಜ್ಯಗಳದ್ದಾಯಿತು.

ಕರ್ನಾಟಕ ಈ ಹೊಣೆಯನ್ನು ಬಗೆಬಗೆಯಾಗಿ ನಿಭಾಯಿಸಿದೆ. 2010ರ ದಶಕದ ಆರಂಭದಲ್ಲಿ ಬೋಗಸ್ ಕಾರ್ಡ್ ಪತ್ತೆಗೆ ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆ ಕೇಳಲಾಯಿತು. ಒಂದೇ ಮೀಟರಿನಡಿ ಎರಡು ಒಲೆ ಉರಿಯುವ ವಠಾರಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಈಗ ನಾಡಕಚೇರಿಯಿಂದ ಪಡೆಯುವ ಆದಾಯ ಪತ್ರವೇ ಮುಖ್ಯ: ವಾರ್ಷಿಕ ಮಿತಿ 1.20 ಲಕ್ಷ ರೂಪಾಯಿ. ಇದರ ಜೊತೆಗೆ ಆದಾಯ ತೆರಿಗೆ, ಸರ್ಕಾರಿ ನೌಕರಿ, ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನ, 3 ಹೆಕ್ಟೇರಿಗಿಂತ ಹೆಚ್ಚಿನ ಒಣಭೂಮಿ, ನಗರದಲ್ಲಿ 1000 ಚದರಡಿಗಿಂತ ದೊಡ್ಡ ಸ್ವಂತ ಮನೆ, ಇವು ಅನರ್ಹತೆಯ ಮಾನದಂಡಗಳಾಗಿವೆ. 1.20 ಲಕ್ಷವೆಂದರೆ ದಿನಕ್ಕೆ 400 ರೂಪಾಯಿಯಂತೆ 300 ದಿನದ ದುಡಿಮೆ. ಗಾರೆ ಕೆಲಸದ ಗಂಡ, ಮನೆಗೆಲಸದ ಹೆಂಡತಿ ಇಬ್ಬರೂ ದುಡಿದರೆ ಈ ಗೆರೆ ದಾಟಿಬಿಡುತ್ತದೆ. ಇಬ್ಬರ ಮನೆಗೂ ಏಳು ಜನರ ಮನೆಗೂ ಮಿತಿ ಒಂದೇ. ಪತ್ರದಲ್ಲಿರುವ ಆದಾಯಕ್ಕೂ ಮನೆಯ ನಿಜವಾದ ಆದಾಯಕ್ಕೂ ತಾಳೆಯಾಗದಿರುವುದಕ್ಕೆ ಕಾರಣ ಜನರ ಸುಳ್ಳಲ್ಲ, ಮಿತಿಯ ಅವಾಸ್ತವ.

2021ರ ಫೆಬ್ರುವರಿಯಲ್ಲಿ ಆಹಾರ ಸಚಿವರಾಗಿದ್ದ ಉಮೇಶ್ ಕತ್ತಿ ಟಿವಿ, ಫ್ರಿಜ್, ಬೈಕ್ ಇರುವವರು ಕಾರ್ಡ್ ಮರಳಿಸಬೇಕೆಂದು ಹೇಳಿ, ವಿರೋಧ ಎದುರಾದಾಗ ಹಿಂದೆ ಸರಿದರು. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ದೊಡ್ಡ ವಿವಾದವಾಗಿ, ಸರ್ಕಾರಿ ನೌಕರರು ಮತ್ತು ತೆರಿಗೆದಾರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸುವುದಾಗಿ ಸರ್ಕಾರ ಪ್ರಕಟಿಸಿತು. ಪಕ್ಷ ಯಾವುದೇ ಇರಲಿ, ಅನರ್ಹರನ್ನು ತೆಗೆಯುವ ಅಭಿಯಾನದಲ್ಲಿ ಅರ್ಹರ ಹೆಸರೂ ಅಳಿಸಿಹೋಗುತ್ತದೆ. ಉಳ್ಳವನೊಬ್ಬ ಅಕ್ಕಿ ಪಡೆದರೆ ಖಜಾನೆಗೆ ನಷ್ಟ. ಇಲ್ಲದವನ ಕಾರ್ಡ್ ಹೋದರೆ ಆ ಮನೆಯ ಮಕ್ಕಳ ಊಟಕ್ಕೇ ಕುತ್ತು. ಈ ಎರಡು ತಪ್ಪುಗಳನ್ನು ಸಮನಾಗಿ ತೂಗುವುದು ನ್ಯಾಯವಲ್ಲ.

ಕಾಯ್ದೆಯಡಿ ಕರ್ನಾಟಕಕ್ಕೆ ನಿಗದಿಯಾಗಿರುವ ಪ್ರಮಾಣ ಗ್ರಾಮೀಣ ಭಾಗದಲ್ಲಿ ಶೇ. 76.04, ನಗರದಲ್ಲಿ ಶೇ. 49.36, ಒಟ್ಟು ಸುಮಾರು 4.01 ಕೋಟಿ ಜನ. ಈ ಲೆಕ್ಕಕ್ಕೆ ಆಧಾರ 2011ರ ಜನಗಣತಿ. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಮುಂದೆ ಹೋಗಿದ್ದು, ಅದರ ಅಂಕಿಅಂಶ ಪ್ರಕಟವಾಗುವವರೆಗೆ ಕೇಂದ್ರದ ಪಾಲು ಹಳೆಯ ಸಂಖ್ಯೆಯಂತೆಯೇ ಹಂಚಿಕೆಯಾಗುತ್ತದೆ.