ರೋಮಿನಷ್ಟು ದೊಡ್ಡದು, ರಾಯಚೂರಿಗಿಂತ ಚಿಕ್ಕದು

ರಾಯಚೂರನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದ ಹಳೆಯ ಬರಹಗಾರರಲ್ಲಿ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್‌ಗೆ ದೊಡ್ಡ ಸ್ಥಾನವಿದೆ. 1520ರಲ್ಲಿ ಕೃಷ್ಣದೇವರಾಯ ಆದಿಲ್‌ಶಾಹಿ ಸೇನೆಯನ್ನು ಸೋಲಿಸಿ ಕೋಟೆ ಹಿಡಿದ ಕಥೆ ಹೇಳುವಾಗ ಈ ಪೋರ್ಚುಗೀಸ ಮೊದಲು ಊರನ್ನೇ ತೋರಿಸುತ್ತಾನೆ. ಎರಡು ದೊಡ್ಡ ಹೊಳೆಗಳ ನಡುವಿನ ಬಯಲು, ಅಲ್ಲಲ್ಲಿ ಕುರುಚಲು ಗಿಡ, ಭಾರಿ ಬಂಡೆಗಳು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಎಬ್ಬಿಸಿದ ಮೂರು ಸುತ್ತಿನ ಗೋಡೆ. ಒಂದು ಬುರುಜಿನಲ್ಲಿ ಆಡಿದ ಮಾತು ಪಕ್ಕದ ಬುರುಜಿಗೆ ಕೇಳಿಸುವಷ್ಟು ಹತ್ತಿರ. ಎತ್ತರದಲ್ಲಿ ವರ್ಷವಿಡೀ ಬತ್ತದ ನೀರಿನ ಬುಗ್ಗೆ. ಅಷ್ಟು ಮೇಲೆ ನೀರು ಹೇಗೆ ನಿಂತಿತೆಂಬುದು ಜನರಿಗೆ ದೈವದ ಸಂಗತಿ. ರಾಯಚೂರಿನ ಬಿಸಿಲು ಕಂಡವರಿಗೆ ಈ ಬುಗ್ಗೆಯ ಬೆಲೆ ಹೇಳಬೇಕಾಗಿಲ್ಲ.

ಅದೇ ಕಾಲದಲ್ಲಿ ಇನ್ನೊಬ್ಬ ಪೋರ್ಚುಗೀಸ, ಡೊಮಿಂಗೊ ಪಾಯಿಸ್, ವಿಜಯನಗರದ ಗುಡ್ಡವೊಂದನ್ನು ಹತ್ತಿ, ಕಣ್ಣಿಗೆ ಬಿದ್ದಷ್ಟು ಭಾಗವೇ ರೋಮಿನಷ್ಟು ದೊಡ್ಡದು ಎಂದು ಬರೆದ. ಓದುಗರು ಕಾಣದ ಊರನ್ನು ಅವರು ಬಲ್ಲ ಊರಿನ ಪಕ್ಕದಲ್ಲಿ ನಿಲ್ಲಿಸುವ ಉಪಾಯ ಅದು. ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಇಬ್ಬರ ಬರಹವೂ ಇಂಗ್ಲಿಷಿಗೆ ಬಂತು.

ಇಂಗ್ಲಿಷರು ಅದಕ್ಕೂ ಮೊದಲೇ ಇಲ್ಲಿಗೆ ಬಂದಿದ್ದರು. 1853ರಲ್ಲಿ ಆ ಎರಡು ಹೊಳೆಗಳ ನಡುವಿನ ದೋಆಬ್ ಪ್ರದೇಶವನ್ನು ಹೈದರಾಬಾದಿನ ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು, 1860ರಲ್ಲಿ ಅದು ಮರಳಿ ನಿಜಾಮರ ಕೈ ಸೇರಿತು. ಅಷ್ಟು ಸಣ್ಣ ಅವಧಿಯಲ್ಲಿ ಇಂಗ್ಲಿಷ್ ಭಾಷೆ ಬೇರೂರುವುದು ಹೇಗೆ? ಹೆಚ್ಚು ಕೆಲಸ ಮಾಡಿದ್ದು ರೈಲು. 1871ರಲ್ಲಿ ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲೇ ಕೂಡಿದವು. ಎರಡು ಮಹಾನಗರಗಳ ನಡುವಿನ ನಿಲ್ದಾಣವಾದ ಊರಿಗೆ, ಹೋಲಿಕೆಗೆ ನಗರಗಳು ತಾವಾಗಿ ಬಂದು ನಿಂತವು. ಸುತ್ತಲಿನ ರೈಲಿಲ್ಲದ ಊರುಗಳಾದ ಮಾನ್ವಿ, ದೇವದುರ್ಗಗಳಿಗೆ ಪೇಟೆ ಎಂದರೆ ರಾಯಚೂರೇ.

ಶಾಲೆಯ ಭಾಷೆ ಮಾತ್ರ ಬೇರೆ. 1884ರ ಹೊತ್ತಿಗೆ ಹೈದರಾಬಾದ್ ಸಂಸ್ಥಾನದ ಆಡಳಿತದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂದಿತ್ತು. ತಹ್ತಾನಿಯಾ, ವಸ್ತಾನಿಯಾ, ಫೌಖಾನಿಯಾ ಎಂಬ ಶಾಲೆಯ ಹಂತಗಳನ್ನು ಹತ್ತಿದಂತೆ ಮಗು ಹೆಚ್ಚಾಗಿ ಉರ್ದುವಿನಲ್ಲೇ ಓದಬೇಕಿತ್ತು. ಆಗ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ ಆಗಿತ್ತು, ಇಂಗ್ಲಿಷ್ ಕಡ್ಡಾಯ ವಿಷಯವಾಗಿತ್ತು. ಮನೆಯಲ್ಲಿ ಕನ್ನಡ, ಪಾಠದಲ್ಲಿ ಉರ್ದು, ಅದರ ಮೂಲಕ ಅಂಗ್ರೇಜಿ: ಇದು ಆ ತಲೆಮಾರಿನ ದಾರಿ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ್ದು, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಇಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಎಷ್ಟು ದೊಡ್ಡ ಮಾತೆಂದು ಇದರಿಂದ ತಿಳಿಯುತ್ತದೆ.

ಇಷ್ಟು ಭಾಷೆಗಳ ನಡುವೆ ಬೆಳೆದ ಮಗುವಿಗೆ ಇಂಗ್ಲಿಷಿನ ಹೋಲಿಕೆ ಏಕೆ ತೊಡಕು? ಕನ್ನಡದಲ್ಲಿ ‘ಮಾನ್ವಿಗಿಂತ ರಾಯಚೂರು ದೊಡ್ಡದು’. ಗಡಿಯಾಚೆಯ ತೆಲುಗಿನಲ್ಲಿ ‘ಕಂಟೆ’, ದಖನಿ ಉರ್ದುವಿನಲ್ಲಿ ‘ಸೇ’. ಮೂರರಲ್ಲೂ ಹೋಲಿಕೆಯ ಭಾರ ಹೊರುವುದು ಊರಿನ ಹೆಸರಿಗೆ ಅಂಟಿದ ತುಣುಕು. ‘ದೊಡ್ಡದು’ ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಗುಣವಾಚಕವೇ ವೇಷ ಬದಲಿಸಬೇಕು: ಬಿಗ್, ಬಿಗ್ಗರ್, ಬಿಗ್ಗೆಸ್ಟ್. ಉದ್ದ ಪದವಾದರೆ ಬೇರೆ ನಿಯಮ, ‘ಮೋರ್ ಬ್ಯೂಟಿಫುಲ್’. ಎರಡು ನಿಯಮ ಬೆರೆತು ‘ಮೋರ್ ಬಿಗ್ಗರ್’ ಹುಟ್ಟುತ್ತದೆ. ಮಗುವಿನ ದಡ್ಡತನ ಇದಕ್ಕೆ ಕಾರಣವಲ್ಲ. ಈ ವ್ಯತ್ಯಾಸವನ್ನು ಕನ್ನಡದಲ್ಲೇ ಬಿಡಿಸಿ ಹೇಳಿದರೆ ಅರ್ಧ ಕಷ್ಟ ಅಲ್ಲೇ ಕರಗುತ್ತದೆ.

1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಬಹುಕಾಲ ಐದನೆಯ ತರಗತಿಯಿಂದ ಶುರುವಾಗುತ್ತಿದ್ದ ಇಂಗ್ಲಿಷ್, 2007–08ರಿಂದ ಒಂದನೆಯ ತರಗತಿಗೇ ಬಂತು. ವ್ಯಾಕರಣದ ಅಭ್ಯಾಸದಲ್ಲಿ ಒಂದು ಸಾಲು ಮಾತ್ರ ಅಲುಗಾಡಿಲ್ಲ: ಕರ್ನಾಟಕದ ಅತಿ ದೊಡ್ಡ ನಗರ ಬೆಂಗಳೂರು. ಅದನ್ನೇ ತಿರುಗಿಸಿ ‘ಕರ್ನಾಟಕದಲ್ಲಿ ಬೆಂಗಳೂರಿನಷ್ಟು ದೊಡ್ಡ ನಗರ ಬೇರೊಂದಿಲ್ಲ’ ಎಂದು ಬರೆದರೆ ಅಂಕ ಸಿಗುತ್ತದೆ.

ಆದರೆ ದೇವದುರ್ಗದ ಎಷ್ಟೋ ಮಕ್ಕಳಿಗೆ ಬೆಂಗಳೂರು ಪಾಠದ ಊರಲ್ಲ. ಅಪ್ಪ ಅವ್ವ ಗುಳೆ ಹೋದಾಗ ಜೊತೆಗೆ ಹೋಗಿ, ಕಟ್ಟಡ ಏಳುತ್ತಿರುವ ಜಾಗದ ತಗಡಿನ ಶೆಡ್ಡಿನಲ್ಲಿ ಇದ್ದು ಬಂದವರು ಅವರು. ಅಲ್ಲಿ ಕೂಲಿ ಹೆಚ್ಚು, ನೀರು ದುಬಾರಿ. ಇಲ್ಲಿ ಬಿಸಿಲು ಹೆಚ್ಚು, ಜಾಗ ವಿಶಾಲ. ‘ಕ್ರೌಡೆಡ್’, ‘ನಾಯ್ಸಿ’, ‘ಎಕ್ಸ್‌ಪೆನ್ಸಿವ್’ ಎಂದು ಪಾಠದಲ್ಲಿ ಬರುವ ಒಂದೊಂದು ಪದಕ್ಕೂ ಅವರ ಬಳಿ ಕಂಡುಂಡ ಉದಾಹರಣೆಯಿದೆ. ಕರಿಹಲಗೆಯ ಮೇಲೆ ಬೆಂಗಳೂರು, ದೇವದುರ್ಗ ಎಂದು ಎರಡು ಹೆಸರು ಬರೆದು ಯಾವುದರಲ್ಲಿ ಏನು ಹೆಚ್ಚು, ಏನು ಕಡಿಮೆ ಎಂದು ಕೇಳಿದರೆ, ಪಾಯಿಸ್ ಗುಡ್ಡ ಹತ್ತಿ ಮಾಡಿದ ಕೆಲಸವನ್ನು ಈ ಮಕ್ಕಳು ಕೂತಲ್ಲೇ ಮಾಡಬಲ್ಲರು.